ಹಳೆಯ ಕಾರಿನ ಕಿಡಿ

ಪಾಂಡವಪುರದಲ್ಲಿರುವ ನಮ್ಮ ಮಾವನವರಿಗೆ ಈಗ 84 ವರ್ಷ ವಯಸ್ಸು. ಅವರ ಮನೆಯ ಹಿತ್ತಿಲ ಕೊಟ್ಟಿಗೆಯಲ್ಲಿ 1978ನೆಯ ಇಸವಿಯ ಅಂಬಾಸಿಡರ್ ಕಾರೊಂದು ಒಂಬತ್ತು ವರ್ಷಗಳಿಂದ ಅಲುಗದೆ ನಿಂತಿದ್ದಿತು. ಕಳೆದ ಮಾಘಮಾಸದಲ್ಲಿ, ನಾಗಮಂಗಲದಲ್ಲಿರುವ ಅವರ ಅಕ್ಕನವರು ಹಾಸಿಗೆ ಹಿಡಿದರೆಂಬ ವರ್ತಮಾನವು ಬಂದಿತು. ಮಾವನವರು ಬಾಡಿಗೆಯ ವಾಹನವನ್ನು ಒಲ್ಲದೆ, "ಅಕ್ಕನನ್ನು ಮೇಲುಕೋಟೆಯ ವೈರಮುಡಿಗೆ ವರ್ಷವರ್ಷವೂ ಕರೆದೊಯ್ದ ಕಾರು ಇದು. ಹೋದರೆ ಇದರಲ್ಲಿಯೇ ಹೋಗುವೆನು, ಅಳಿಯಂದಿರೇ" ಎಂದುಬಿಟ್ಟರು. ನಾನು ಶ್ರೀರಂಗಪಟ್ಟಣದಿಂದ ಹೊರಟು ಬಂದೆನು. ಮೂವತ್ತು ವರ್ಷ ಶಬ್ದರೂಪಗಳನ್ನು ಬಾಯಿಪಾಠ ಮಾಡಿಸಿದವನಿಗೂ ಕಾರಿನ ವೈರುಗಳಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ನಿವೃತ್ತನಿಗೆ ಬಿಡುವು ಉಂಟು. ಅಳಿಯನಾದವನಿಗೆ ಇಲ್ಲವೆನ್ನುವ ಧೈರ್ಯವಿಲ್ಲ. ಇಷ್ಟೇ ಸಂಬಂಧ.

ಅಂಬಾಸಿಡರ್ ಕಾರಿನ ತಯಾರಿಕೆಯು 2014ರಲ್ಲಿ ನಿಂತುಹೋಯಿತು. ಆದರೂ ಹಿರಿಯರ ಕಾರನ್ನು ಮಾರಲು ಮನಸ್ಸು ಬಾರದೆ ಉಳಿಸಿಕೊಂಡಿರುವ ಗೃಹಸ್ಥರು ನಮ್ಮ ಸೀಮೆಯಲ್ಲಿ ಇಂದಿಗೂ ಇದ್ದಾರೆ. ಅಂಥವರಿಗೆ ಈ ವಿಷಯವು ಉಪಯೋಗಕ್ಕೆ ಬಂದೀತೆಂದು ತುಸು ವಿಸ್ತಾರವಾಗಿ ಬರೆಯುತ್ತೇನೆ.

ಪೆಟ್ರೋಲಿನ ಎಂಜಿನ್ನು ನಡೆಯಬೇಕಾದರೆ ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರಬೇಕು. ಬ್ಯಾಟರಿಯಲ್ಲಿರುವುದು ಕೇವಲ 12 ವೋಲ್ಟು. ಪ್ಲಗ್ಗಿನ ಸಂದನ್ನು ದಾಟಲು ಸಾವಿರಾರು ವೋಲ್ಟು ಬೇಕು. ಇದನ್ನು ಒದಗಿಸುವುದು ಕಾಯಿಲ್. ಅದರೊಳಗೆ ಕಬ್ಬಿಣದ ತಿರುಳಿನ ಮೇಲೆ ಎರಡು ಸುತ್ತುಗಳಿವೆ: ದಪ್ಪ ತಂತಿಯದು ಕೆಲವು ನೂರು ಸುತ್ತು, ಕೂದಲೆಳೆಯಂತಹ ತಂತಿಯದು ಅನೇಕ ಸಾವಿರ ಸುತ್ತು. ಡಿಸ್ಟ್ರಿಬ್ಯೂಟರಿನಲ್ಲಿರುವ ಪಾಯಿಂಟು ಎಂಬ ಎರಡು ಲೋಹದ ಗುಂಡಿಗಳು ಕೂಡಿರುವಾಗ ದಪ್ಪ ತಂತಿಯಲ್ಲಿ ವಿದ್ಯುತ್ತು ಹರಿದು ತಿರುಳು ಅಯಸ್ಕಾಂತವಾಗುತ್ತದೆ. ಗುಂಡಿಗಳು ಅಗಲಿದೊಡನೆ ಆ ಕಾಂತಶಕ್ತಿಯು ಕುಸಿಯುತ್ತದೆ. ಆ ಕುಸಿತವೇ ಸಣ್ಣ ತಂತಿಯಲ್ಲಿ ಮಹತ್ತಾದ ವೋಲ್ಟನ್ನು ಹುಟ್ಟಿಸುತ್ತದೆ. 1831ರಲ್ಲಿ ಫ್ಯಾರಡೆ ಕಂಡುಕೊಂಡ ತತ್ತ್ವವಿದು. ಕಿಡಿಯು ಹುಟ್ಟುವುದು ಕೂಡಿಕೆಯಿಂದಲ್ಲ, ಅಗಲಿಕೆಯಿಂದ ಎಂಬುದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು. ವ್ಯಾಕರಣ ಓದಿದವರಿಗೆ ಇದು ಸೋಜಿಗವಲ್ಲ. ಅಲ್ಲಿ ಪ್ರತ್ಯಯವು ಲೋಪವಾದ ಮೇಲೂ ಅದರ ಕಾರ್ಯವು ನಡೆಯುವುದುಂಟು.

ನಮ್ಮ ಜಿಲ್ಲೆಯ ಶಿವನಸಮುದ್ರದಿಂದ 1902ರಲ್ಲಿ ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಸಾಗಿಸಿದಾಗಲೂ ವೋಲ್ಟನ್ನು ಏರಿಸಿದ್ದು ಎರಡು ಸುತ್ತುಗಳ ಉಪಾಯದಿಂದಲೇ. ಅಲ್ಲಿ ಪ್ರವಾಹವು ತಾನಾಗಿಯೇ ಹಿಂದುಮುಂದಾಗಿ ಹರಿಯುತ್ತಿದ್ದುದರಿಂದ ಪಾಯಿಂಟು ಬೇಕಾಗಲಿಲ್ಲ. ಬ್ಯಾಟರಿಯ ಪ್ರವಾಹವು ಒಂದೇ ಮುಖವಾದ್ದರಿಂದ ಅದನ್ನು ಕಡಿದು ಕಡಿದು ಬಿಡಬೇಕಾಗುತ್ತದೆ. ಎಂಜಿನ್ನು ನಿಮಿಷಕ್ಕೆ 3000 ಸುತ್ತು ತಿರುಗುವಾಗ, ನಾಲ್ಕು ಸಿಲಿಂಡರಿನ ಕಾರಿನಲ್ಲಿ ಪಾಯಿಂಟು ಸೆಕೆಂಡಿಗೆ ನೂರು ಸಲ ಅಗಲುತ್ತದೆ.

ಕಾರಿನ ವೈರುಗಳನ್ನು ಇಲಿಗಳು ತಿಂದಿದ್ದವು. ಮೊಮ್ಮಗನೂ ನಾನೂ ಕೂಡಿ ಹೊಸದಾಗಿ ಎಳೆದೆವು. ಕೀಲಿಯಿಂದ ಬಿಳಿಯ ವೈರು ಕಾಯಿಲಿನ ಒಂದು ಚಿಕ್ಕ ಸ್ಕ್ರೂವಿಗೆ. ಇನ್ನೊಂದು ಚಿಕ್ಕ ಸ್ಕ್ರೂವಿನಿಂದ ಕಪ್ಪುಗೆರೆಯ ಬಿಳಿಯ ವೈರು ಡಿಸ್ಟ್ರಿಬ್ಯೂಟರಿನ ಪಾಯಿಂಟಿಗೆ. ಈ ಎರಡನ್ನು ಅದಲುಬದಲು ಮಾಡಿದರೂ ಕಿಡಿ ಬರುವುದು, ಆದರೆ ಬಲಗುಂದಿರುವುದು. ಕಾಯಿಲಿನ ನಡುವಿನಿಂದ ದಪ್ಪ ವೈರು ಕ್ಯಾಪಿನ ನಡುವಿಗೆ. ಅಲ್ಲಿಂದ ರೋಟರಿನ ಹಿತ್ತಾಳೆಯ ಪಟ್ಟಿಯು ನಾಲ್ಕು ಪ್ಲಗ್ಗುಗಳಿಗೆ 1, 3, 4, 2 ಎಂಬ ಕ್ರಮದಲ್ಲಿ ಹಂಚುತ್ತದೆ. ಹೊಸ ಪಾಯಿಂಟನ್ನೂ ಕಂಡೆನ್ಸರನ್ನೂ ಕೂರಿಸಿ, ಪಾಯಿಂಟಿನ ಸಂದನ್ನು 0.015 ಅಂಗುಲಕ್ಕೆ ಅಳೆದು ನಿಲ್ಲಿಸಿದೆನು. ಕೀಲಿ ತಿರುಗಿಸಿದರೆ ಎಂಜಿನ್ನು ಸುತ್ತಿತೇ ಹೊರತು ಕಿಡಿಯೆಂಬುದು ಇಲ್ಲ!

ಎರಡು ದಿನ ಕಳೆದವು. ವೈರುಗಳನ್ನು ಬಿಚ್ಚಿ ಕಟ್ಟಿದೆವು, ಕಾಯಿಲನ್ನು ಬದಲಿಸಿದೆವು. ಸಾಮಾನು ಮಾರಿದವನ ಮೇಲೂ ಸಂಶಯಪಟ್ಟೆನು, ಅದು ನನ್ನ ಅವಿವೇಕ. ಅತ್ತ ನಾಗಮಂಗಲದಿಂದ, ಅಕ್ಕನವರು ಗಂಜಿಯನ್ನೂ ಬೇಡವೆನ್ನುತ್ತಿದ್ದಾರೆಂದು ಸುದ್ದಿ. ಮಾವನವರು ಜಗಲಿಯ ಮೇಲೆ ಕುಳಿತಿದ್ದರು. ಒಂದು ಮಾತನ್ನೂ ಆಡಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಮೂರನೆಯ ದಿನ ಕೃಷ್ಣರಾಜಪೇಟೆಯಿಂದ ವೃದ್ಧ ಮೇಸ್ತ್ರಿಯೊಬ್ಬರು ಬಸ್ಸಿನಲ್ಲಿ ಬಂದರು. ಅವರ ಚೀಲದಲ್ಲಿ ಎರಡು ವೈರು ಬೆಸೆದ ಒಂದು ಚಿಕ್ಕ ಬಲ್ಬು. ಅದರ ಒಂದು ತುದಿಯನ್ನು ಕಾಯಿಲಿನಲ್ಲಿ ಪಾಯಿಂಟಿನ ಕಡೆಯ ಸ್ಕ್ರೂವಿಗೂ ಮತ್ತೊಂದನ್ನು ಎಂಜಿನ್ನಿನ ಲೋಹಕ್ಕೂ ತಗಲಿಸಿ, ಹ್ಯಾಂಡಲಿನಿಂದ ಮೆಲ್ಲಗೆ ತಿರುಗಿಸಲು ಹುಡುಗನಿಗೆ ಹೇಳಿದರು. ಪಾಯಿಂಟು ಕೂಡಿದಾಗ ಬಲ್ಬು ಆರಬೇಕು, ಅಗಲಿದಾಗ ಹೊತ್ತಬೇಕು. ಅದು ಹೊತ್ತಲೇ ಇಲ್ಲ. "ಮೇಷ್ಟ್ರೇ, ವೈರೆಲ್ಲ ಸರಿಯಾಗೈತೆ. ಮುಟ್ಟಬಾರದ ಕಡೆ ಮುಟ್ಟೈತೆ, ನೋಡಿ" ಎಂದರು.

ಪಾಯಿಂಟಿನ ಸ್ಪ್ರಿಂಗು ಸಿಕ್ಕಿಸುವ ಕಂಬದ ಮೇಲೆ ಬೇಳೆಯಷ್ಟು ಪ್ಲಾಸ್ಟಿಕ್ ಬಿಲ್ಲೆಯೊಂದಿರುತ್ತದೆ. ಸ್ಪ್ರಿಂಗು, ಕಾಯಿಲಿನ ವೈರು, ಕಂಡೆನ್ಸರಿನ ವೈರು, ಈ ಮೂರೂ ಒಂದನ್ನೊಂದು ಮುಟ್ಟಬೇಕು. ಕಂಬವನ್ನಾಗಲಿ ಮೇಲಿನ ನಟ್ಟನ್ನಾಗಲಿ ಮುಟ್ಟಕೂಡದು. ನಾನು ಕಂಡೆನ್ಸರಿನ ವೈರಿನ ತುದಿಯನ್ನು ಬಿಲ್ಲೆಯ ಮೇಲೆ, ನಟ್ಟಿಗೆ ತಾಗುವಂತೆ ಇಟ್ಟಿದ್ದೆನು. ವಿದ್ಯುತ್ತು ಆ ದಾರಿಯಿಂದ ಸದಾ ಅರ್ಥ್ ಆಗುತ್ತಿದ್ದುದರಿಂದ ಪಾಯಿಂಟು ಅಗಲಿದರೂ ಪ್ರವಾಹವು ಕಡಿಯುತ್ತಿರಲಿಲ್ಲ. ಸರಿಪಡಿಸಲು ಐದು ನಿಮಿಷವೂ ಹಿಡಿಯಲಿಲ್ಲ. ಮೇಸ್ತ್ರಿಯವರು ಬಲ್ಬು ಹೊತ್ತುವ ಕ್ಷಣವನ್ನೇ ನೋಡಿಕೊಂಡು ಡಿಸ್ಟ್ರಿಬ್ಯೂಟರನ್ನು ತುಸು ತಿರುಗಿಸಿ ಕಿಡಿಯ ವೇಳೆಯನ್ನೂ ಹೊಂದಿಸಿಕೊಟ್ಟರು. ಎಂಜಿನ್ನು ನಿಂತಿರುವಾಗ ಕೀಲಿಯನ್ನು ಹಾಕಿಯೇ ಬಿಡಬೇಡಿರೆಂದೂ, ಪಾಯಿಂಟು ಕೂಡಿದ್ದರೆ ಕಾಯಿಲು ಕಾದು ಕೆಡುವುದೆಂದೂ, ಪಾಯಿಂಟು ಮತ್ತೆ ಮತ್ತೆ ಸುಟ್ಟರೆ ಕಂಡೆನ್ಸರನ್ನು ಶಂಕಿಸಬೇಕೆಂದೂ ಹೇಳಿದರು. ಕಾಫಿ ಕುಡಿದರು; ಬಸ್ಸಿನ ಖರ್ಚಿಗಿಂತ ಹೆಚ್ಚು ತೆಗೆದುಕೊಳ್ಳಲಿಲ್ಲ.

ಆ ಮಧ್ಯಾಹ್ನವೇ ಹೊರಟೆವು. ಜಕ್ಕನಹಳ್ಳಿಯನ್ನು ದಾಟುವವರೆಗೂ ನನ್ನ ಕಿವಿಯೆಲ್ಲ ಎಂಜಿನ್ನಿನ ಮೇಲೆ. ಮಾವನವರು ಮಾತ್ರ ನಿಶ್ಚಿಂತರಾಗಿ ಕಿಟಕಿಯಿಂದ ಹೊಲಗಳನ್ನು ನೋಡುತ್ತಿದ್ದರು. ನಾಗಮಂಗಲದಲ್ಲಿ ಮನೆಯ ಮುಂದೆ ನಿಂತು ಹಾರನ್ ಒತ್ತಿದಾಗ ಒಳಗಿನಿಂದ ಕ್ಷೀಣವಾದ ಧ್ವನಿ ಕೇಳಿಸಿತು: "ಅದೇ ಕಾರೇನೋ?" ಅಕ್ಕನವರು ಅಂದು ಅರ್ಧ ಲೋಟ ಗಂಜಿಯನ್ನು ಕುಡಿದರು. ತರುವಾಯ ತಮ್ಮನ್ನು ಎತ್ತಿ ಕಾರಿನಲ್ಲಿ ಕೂರಿಸಬೇಕೆಂದರು. ಹಿಂದಿನ ಸೀಟಿನಲ್ಲಿ ದಿಂಬನ್ನಿಟ್ಟು ಕೂರಿಸಿದೆವು. ಪಕ್ಕದಲ್ಲಿ ಮಾವನವರು ಕುಳಿತರು. "ಎಲ್ಲಿಗೂ ಹೋಗಬೇಡ, ಸುಮ್ಮನೆ ಎಂಜಿನ್ನು ನಡೆಯುತ್ತಿರಲಿ" ಎಂದರು. ಕಾಲುಗಂಟೆಯ ಹೊತ್ತು ಹಾಗೆಯೇ ನಡೆಯಿತು.