ಚಲಚ್ಚಿತ್ರ ಕಥನದಲ್ಲಿ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ

ಕಾವ್ಯವು ದೃಶ್ಯವೆಂದೂ ಶ್ರವ್ಯವೆಂದೂ ಎರಡು ಬಗೆ ಎಂಬುದು ಆಲಂಕಾರಿಕರ ಪ್ರಸಿದ್ಧವಾದ ವಿಭಾಗ. ಚಲಚ್ಚಿತ್ರವು ಕಣ್ಣಿಗೆ ಕಾಣತಕ್ಕದ್ದೇ ಆದರೂ ಅದನ್ನು ದೃಶ್ಯಕಾವ್ಯಗಳ ಸಾಲಿನಲ್ಲಿ ಎಣಿಸಲು ವಿದ್ವಾಂಸರಲ್ಲಿ ಹಲವರು ಸಂಕೋಚಪಡುವುದುಂಟು. ಯಂತ್ರವು ಎದುರಿಗಿದ್ದುದನ್ನು ಇದ್ದಂತೆಯೇ ಹಿಡಿದುಕೊಡುವುದರಿಂದ ಅಲ್ಲಿ ಕವಿಕರ್ಮಕ್ಕೆ ಎಡೆಯೆಲ್ಲಿ ಎಂಬುದು ಅವರ ಆಕ್ಷೇಪ. ಇದರ ಫಲವಾಗಿ, ಕಥೆಯೊಂದು ಚಿತ್ರವಾದಾಗ ಪಾಠಶಾಲೆಗಳಲ್ಲಿ ನಡೆಯುವ ವಿಚಾರವು ಮೂಲದ ಯಾವ ಪ್ರಸಂಗ ಉಳಿಯಿತು, ಯಾವುದು ಬಿಟ್ಟುಹೋಯಿತು ಎಂಬ ಲೆಕ್ಕದಲ್ಲಿಯೇ ಮುಗಿದುಹೋಗುತ್ತದೆ.

ಆದರೆ ಚಿತ್ರದ ಅರ್ಥವು ಬಿಡಿ ಬಿಂಬಗಳಲ್ಲಿ ನೆಲೆಸಿರುವುದಲ್ಲ. ಪದಗಳ ಅನ್ವಯದಿಂದ ವಾಕ್ಯಾರ್ಥವು ತೋರುವಂತೆ ಬಿಂಬಗಳ ಅನ್ವಯದಿಂದ ಅದು ತೋರುತ್ತದೆ. ವಾಕ್ಯಾರ್ಥಜ್ಞಾನಕ್ಕೆ ಶಾಸ್ತ್ರಕಾರರು ಹೇಳಿರುವ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿಗಳೆಂಬ ಮೂರು ಕಾರಣಗಳನ್ನು ಇಲ್ಲಿಯೂ ಕಾಣಬಹುದು.

ಮೊದಲನೆಯದಾಗಿ ಸನ್ನಿಧಿ. 1920ರ ಸುಮಾರಿನಲ್ಲಿ ರಷ್ಯಾ ದೇಶದ ಲೆವ್ ಕುಲೆಶೋವ್ ಎಂಬ ನಿರ್ದೇಶಕನು ಒಂದು ಪ್ರಯೋಗ ಮಾಡಿದನು. ಆತನ ಶಿಷ್ಯ ಪುಡೋವ್ಕಿನ್ ಹೇಳುವ ಪ್ರಕಾರ, ನಟನೊಬ್ಬನ ನಿರ್ವಿಕಾರವಾದ ಒಂದೇ ಮುಖವನ್ನು ಒಮ್ಮೆ ಸಾರಿನ ಬಟ್ಟಲಿನ ಪಕ್ಕದಲ್ಲಿಯೂ, ಒಮ್ಮೆ ಶವಪೆಟ್ಟಿಗೆಯ ಪಕ್ಕದಲ್ಲಿಯೂ, ಒಮ್ಮೆ ಆಡುವ ಮಗುವಿನ ಪಕ್ಕದಲ್ಲಿಯೂ ಜೋಡಿಸಿ ತೋರಿಸಲಾಯಿತು. ನೋಡಿದವರು ಆ ನಟನು ಚಿಂತೆ, ಶೋಕ, ಹರ್ಷಗಳನ್ನು ಬೇರೆಬೇರೆಯಾಗಿ ಅಭಿನಯಿಸಿದನೆಂದು ಮೆಚ್ಚಿದರಂತೆ. ಕಣ್ಣೀರು ಮೊದಲಾದ ಅನುಭಾವಗಳು ಶೃಂಗಾರಕ್ಕೂ ಕರುಣಕ್ಕೂ ಭಯಾನಕಕ್ಕೂ ಸಾಧಾರಣವಾಗಿರುವುದರಿಂದ ಒಂಟಿಯಾಗಿ ಅನೈಕಾಂತಿಕವೆಂದೂ, ವಿಭಾವಾದಿಗಳೊಡನೆ ಕೂಡಿಯೇ ರಸವನ್ನು ವ್ಯಂಜಿಸುವುವೆಂದೂ ಮಮ್ಮಟನು ಕಾವ್ಯಪ್ರಕಾಶದಲ್ಲಿ ನಿರ್ಣಯಿಸಿದ್ದಾನೆ. ಮೇಲಣ ಪ್ರಯೋಗವು ಈ ನಿರ್ಣಯಕ್ಕೆ ಒದಗಿದ ಪ್ರತ್ಯಕ್ಷವಾದ ಉದಾಹರಣೆ. ವಿಭಾವವನ್ನು ಪಕ್ಕದಲ್ಲಿಟ್ಟವನೇ ಇಲ್ಲಿ ಕವಿ.

ಎರಡನೆಯದು ಯೋಗ್ಯತೆ. "ಬೆಂಕಿಯಿಂದ ನೆನೆಸುತ್ತಾನೆ" ಎಂಬಲ್ಲಿ ಪದಗಳು ಸನ್ನಿಹಿತವಾಗಿದ್ದರೂ ಅರ್ಥವು ಕೂಡುವುದಿಲ್ಲ. ಚಿತ್ರದಲ್ಲಿ ಯಾವುದು ಕೂಡುತ್ತದೆ, ಯಾವುದು ಕೂಡುವುದಿಲ್ಲ ಎಂಬುದನ್ನು ಪ್ರಭೇದದ ರೂಢಿಯು ಗೊತ್ತುಮಾಡುತ್ತದೆ. ನಾಟಕಕ್ಕೆ ಪ್ರಖ್ಯಾತವಸ್ತು, ಪ್ರಕರಣಕ್ಕೆ ಕಲ್ಪಿತವಸ್ತು ಎಂದು ದಶರೂಪಕಕಾರನು ವಿಧಿಸಿದಂತೆ ಚಿತ್ರಗಳಲ್ಲಿಯೂ ಪೌರಾಣಿಕ, ಸಾಮಾಜಿಕ, ಪತ್ತೇದಾರಿ ಎಂಬ ಪ್ರಭೇದಗಳು ನೆಲೆಗೊಂಡಿವೆ. 1913ರಲ್ಲಿ ಫಾಲ್ಕೆಯವರು ತೆರೆಗೆ ತಂದ "ರಾಜಾ ಹರಿಶ್ಚಂದ್ರ"ವೂ, 1934ರಲ್ಲಿ ತೆರೆಕಂಡ ಕನ್ನಡದ ವಾಕ್ಚಿತ್ರ "ಸತೀ ಸುಲೋಚನಾ"ವೂ ಪೌರಾಣಿಕಗಳೇ. ಇಂತಹ ಚಿತ್ರದಲ್ಲಿ ಮುಂದೇನಾಗುವುದೆಂಬುದು ಪ್ರೇಕ್ಷಕನಿಗೆ ಮೊದಲೇ ತಿಳಿದಿರುತ್ತದೆ, ಹೇಗಾಗುವುದೆಂಬುದರಲ್ಲಿಯೇ ಕುತೂಹಲ. ದೇವತೆಯು ಕಣ್ಣೆದುರಿಗೇ ಅಂತರ್ಧಾನ ಹೊಂದಿದರೆ ಅದು ಛಾಯಾಗ್ರಹಣದ ಕೈಚಳಕವೆಂದು ಬಲ್ಲವನೂ ಒಪ್ಪುತ್ತಾನೆ. ಪತ್ತೇದಾರಿ ಚಿತ್ರದ ಕೊಲೆಗಾರನು ಅದೇ ಕೈಚಳಕದಿಂದ ಮಾಯವಾದರೆ ಮೋಸವೆನ್ನುತ್ತಾನೆ. ತಂತ್ರವು ಒಂದೇ, ಯೋಗ್ಯತೆಯು ಪ್ರಭೇದದಿಂದ ಬೇರೆಯಾಯಿತು.

ಮೂರನೆಯದಾದ ಆಕಾಂಕ್ಷೆಯೂ ಈ ರೂಢಿಯಿಂದಲೇ ಹುಟ್ಟತಕ್ಕದ್ದು. ರೂಢಿಯು ಎಬ್ಬಿಸಿದ ಆಕಾಂಕ್ಷೆಯನ್ನು ಉದ್ದೇಶಪೂರ್ವಕವಾಗಿ ಪೂರೈಸದಿರುವುದೂ ಒಂದು ಕವಿಕರ್ಮ. ಇದಕ್ಕೆ ಗಿರೀಶ ಕಾಸರವಳ್ಳಿಯವರು ಯು. ಆರ್. ಅನಂತಮೂರ್ತಿಯವರ ಕಥೆಯನ್ನು ಆಧರಿಸಿ 1977ರಲ್ಲಿ ನಿರ್ಮಿಸಿದ "ಘಟಶ್ರಾದ್ಧ"ವು ಉತ್ತಮವಾದ ನಿದರ್ಶನ. ಗುಲ್ವಾಡಿ ವೆಂಕಟರಾಯರ "ಇಂದಿರಾಬಾಯಿ" (1899) ಯಿಂದ ಮೊದಲ್ಗೊಂಡು ಸುಧಾರಣೆಯ ಕಥೆಗಳಲ್ಲಿ ವಿಧವೆಯ ಕಷ್ಟವು ಪುನರ್ವಿವಾಹದಲ್ಲಿ ಕೊನೆಗಾಣುವುದು ಪರಿಚಿತವಾದ ಮಾರ್ಗ. ಮಲೆನಾಡಿನ ವೇದಪಾಠಶಾಲೆಯ ಉಡುಪರ ವಿಧವೆ ಮಗಳು ಯಮುನಕ್ಕನು ಗರ್ಭಿಣಿಯಾದಾಗ, ಅವಳು ನೆಚ್ಚಿದ ಉಪಾಧ್ಯಾಯನು ಕೈಹಿಡಿಯುವನೆಂಬ ಆಸೆಯು ಪ್ರೇಕ್ಷಕನಲ್ಲಿ ತಾನಾಗಿಯೇ ಮೂಡುತ್ತದೆ. ಅವನು ಕೈಬಿಡುತ್ತಾನೆ, ತಂದೆಯು ಬದುಕಿರುವ ಮಗಳಿಗೆ ಘಟಶ್ರಾದ್ಧ ಮಾಡುತ್ತಾನೆ.

ಈ ದಾರುಣವನ್ನು ಚಿತ್ರವು ಪ್ರಧಾನವಾಗಿ ನಾಣಿಯೆಂಬ ಪುಟ್ಟ ವಟುವಿನ ಕಣ್ಣಿನಿಂದ ತೋರಿಸುತ್ತದೆ. ಬಾಲಕನು ಕಾಣುವುದು ಬಹಳ, ತಿಳಿಯುವುದು ಸ್ವಲ್ಪ. ಅವನಿಗೆ ತಿಳಿಯದುದನ್ನು ಪ್ರೇಕ್ಷಕನು ತಿಳಿಯುತ್ತಾನೆ. ಆ ಅಂತರದಲ್ಲಿಯೇ ಕರುಣವು ಹುಟ್ಟುತ್ತದೆ. ಕೊನೆಯಲ್ಲಿ ತಂದೆಯೊಡನೆ ಊರಿಗೆ ಹೊರಟ ನಾಣಿಯು, ತಲೆ ಬೋಳಿಸಲ್ಪಟ್ಟು ಮರದ ಬುಡದಲ್ಲಿ ಒಬ್ಬಳೇ ಕುಳಿತ ಯಮುನಕ್ಕನನ್ನು ಕಾಣುತ್ತಾನೆ. ಆಗ ಧರ್ಮಾಧರ್ಮಗಳನ್ನು ಕುರಿತ ಉಪನ್ಯಾಸವಾವುದೂ ಬೇಕಾಗುವುದಿಲ್ಲ. ದೃಷ್ಟಿಯನ್ನು ಉಡುಪರಿಗೋ ಅಗ್ರಹಾರದವರಿಗೋ ಕೊಟ್ಟಿದ್ದರೆ ಅದೇ ಪ್ರಸಂಗವು ದಂಡನೆಯ ಕಥೆಯಾಗುತ್ತಿತ್ತು.

ಆದುದರಿಂದ ಕಥೆಯನ್ನೂ ಚಿತ್ರವನ್ನೂ ಕೂಡಿಸಿ ಪಾಠಹೇಳುವವರು ಪ್ರಸಂಗಗಳ ಲೆಕ್ಕಕ್ಕೆ ಮೊದಲು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಉಚಿತ: ಯಾವ ಪ್ರಭೇದದ ಹೆಸರಿನಲ್ಲಿ ಯಾವ ಆಕಾಂಕ್ಷೆಯನ್ನು ಎಬ್ಬಿಸಲಾಯಿತು? ಆ ಪ್ರಭೇದದಲ್ಲಿ ಯಾವುದಕ್ಕೆ ಯೋಗ್ಯತೆಯುಂಟು? ಯಾರ ಕಣ್ಣಿನಿಂದ, ಯಾವುದರ ಪಕ್ಕದಲ್ಲಿ ಯಾವುದನ್ನು ಇಡಲಾಯಿತು? ಇವಕ್ಕೆ ಉತ್ತರ ಹುಡುಕಿದ ವಿದ್ಯಾರ್ಥಿಗೆ ಯಂತ್ರದ ಹಿಂದಿರುವ ಕವಿಯು ಕಾಣದೆ ಇರಲಾರನು.