ಮೊಹರು ಬಿದ್ದ ಮನವಿ

ಏಪ್ರಿಲ್ ಬಂತೆಂದರೆ ಕುಮಟಾ ಪಕ್ಕದ ಅಳ್ವೇಕೋಡಿಯಲ್ಲಿ ಹೆದ್ದಾರಿಯ ಅಂಚು ಕೆಂಪಾಗುತ್ತದೆ. ಅಡಕೆ ದಬ್ಬೆಗೆ ಸಾಲಾಗಿ ತೂಗುಬಿಟ್ಟ ಸಿಹಿ ಈರುಳ್ಳಿ ಗೊಂಚಲು, ಮೇಲೆ ನೀಲಿ ತಾಡಪಾಲು, ಕೆಳಗೆ ಪ್ಲಾಸ್ಟಿಕ್ ಸ್ಟೂಲು, ಅದರ ಮೇಲೆ ರಟ್ಟಿನ ತುಂಡಿನಿಂದ ಗಾಳಿ ಬೀಸಿಕೊಳ್ಳುತ್ತ ಕೂತ ಹೆಂಗಸು. ಟ್ಯಾಂಕರ್ ಹಾದುಹೋದಾಗಲೆಲ್ಲ ಗೊಂಚಲುಗಳು ಒಂದೇ ದಿಕ್ಕಿಗೆ ಓಲಾಡಿ, ಒಣ ಸಿಪ್ಪೆ ಹಾರಿ ಅವಳ ಮಡಿಲಿಗೆ ಬೀಳುತ್ತದೆ. ಕಾರೊಂದು ವೇಗ ತಗ್ಗಿಸಿದ್ದೇ ತಡ, ನಾಲ್ಕು ಕಡೆಯಿಂದ "ಇಲ್ಲಿ ಬನ್ನಿ ಅಣ್ಣ, ಇಲ್ಲಿ ನೋಡಿ" ಶುರು. ಕಾರಿನವರೂ ಪಳಗಿದವರೇ. "ಆಚೆಯವರು ಇಪ್ಪತ್ತು ರೂಪಾಯಿ ಕಡಿಮೆ ಹೇಳಿದ್ರು" ಎನ್ನುತ್ತಾರೆ. ಆಚೆಯವರು ಹೇಳಿರುವುದಿಲ್ಲ. ಆದರೂ ಈಚೆಯವಳು ಇಳಿಸುತ್ತಾಳೆ. ಆಚೆಯವಳು ಇವಳ ನಾದಿನಿಯೇ ಇರಬಹುದು, ಸಂಜೆ ಇಬ್ಬರೂ ಒಂದೇ ಟೆಂಪೋ ಹತ್ತುವವರೇ. ಹಗಲಿಡೀ ಮಾತ್ರ ಒಬ್ಬರ ಬೆಲೆಗೆ ಇನ್ನೊಬ್ಬರು ಕತ್ತರಿ.

ಗೋವಾ ಗಡಿಯಿಂದ ಕುಂದಾಪುರದವರೆಗೆ ಹೆದ್ದಾರಿ 66 ಚತುಷ್ಪಥವಾಗುವಾಗ ಕುಮಟಾ, ಹೊನ್ನಾವರ, ಭಟ್ಕಳ ಮೂರೂ ಪೇಟೆಗಳ ಮುಖ ಬದಲಾಯಿತು. ಪಂಕ್ಚರ್ ಅಂಗಡಿ, ಕ್ಷೌರದಂಗಡಿ, ಚಾದಂಗಡಿ, ಎಳನೀರಿನ ರಾಶಿ, ರಸ್ತೆಗೆ ಅಂಟಿಕೊಂಡು ಬದುಕಿದ್ದೆಲ್ಲ ಹಿಂದಕ್ಕೆ ಸರಿಯಬೇಕಾಯಿತು. ಪರಿಹಾರದ ಮಾತು ಬಂದಾಗ ಕಡತದಲ್ಲಿ ಕಾಣುವುದು ನೆಲದ ಮಾಲೀಕ, ಕಟ್ಟಡದ ಮಾಲೀಕ. ಅದೇ ಕಟ್ಟಡದಲ್ಲಿ ಬಾಡಿಗೆ ಕೊಟ್ಟು ಕತ್ತರಿ ಹಿಡಿದಿದ್ದವನು? 2013ರ ಭೂಸ್ವಾಧೀನ ಕಾಯ್ದೆ ಅವನನ್ನು ಮರೆತಿಲ್ಲ. ಸ್ವಾಧೀನಕ್ಕೆ ಮೊದಲು ಮೂರು ವರ್ಷ ಅಲ್ಲೇ ದುಡಿದು ಉಂಡ ಬಾಡಿಗೆದಾರನನ್ನೂ ಅದು ಬಾಧಿತ ಕುಟುಂಬವೆಂದೇ ಎಣಿಸುತ್ತದೆ; ಸಣ್ಣ ವ್ಯಾಪಾರಿಗೆ ಕನಿಷ್ಠ 25,000 ರೂಪಾಯಿಯ ಒಂದು ಬಾರಿಯ ನೆರವನ್ನೂ ಹೇಳುತ್ತದೆ. 2015ರಿಂದ ಈ ನೆರವು ಹೆದ್ದಾರಿ ಸ್ವಾಧೀನಕ್ಕೂ ಅನ್ವಯ. ಹಾಗಂತ ಕ್ಷೌರದಂಗಡಿಯವನಿಗೆ ಹೇಳಿದವರು ಯಾರು? ಯಾರೋ ಹೇಳಿದರು ಎಂದೇ ಇಟ್ಟುಕೊಳ್ಳಿ. ಅಂಗಡಿ ಬಾಗಿಲೆಳೆದು, ಬಸ್ಸು ಹತ್ತಿ ಕಚೇರಿಗೆ ಹೋಗಿ, "ಸಾಹೇಬ್ರು ಮೀಟಿಂಗಲ್ಲಿದ್ದಾರೆ" ಎನ್ನಿಸಿಕೊಂಡು ಬರುವುದಕ್ಕೆ ಅವನು ಎಷ್ಟು ದಿನದ ದುಡಿಮೆ ಬಿಡಬಹುದು?

ಯಾವುದೇ ತಾಲ್ಲೂಕು ಕಚೇರಿಯ ಟಪಾಲು ಮೇಜಿನ ಮುಂದೆ ಅರ್ಧ ಗಂಟೆ ನಿಂತು ನೋಡಿ. ನೋಟ್‌ಬುಕ್ಕಿನಿಂದ ಹರಿದ ಹಾಳೆಯಲ್ಲಿ ಒಬ್ಬನ ಮನವಿ ಬರುತ್ತದೆ. ಗುಮಾಸ್ತ ಓದುವ ಮೊದಲೇ ಕೈ ಇನ್ನೊಂದು ಕಡತಕ್ಕೆ ಹೋಗಿರುತ್ತದೆ. ಅದರ ಹಿಂದೆಯೇ ನೋಂದಣಿ ಸಂಖ್ಯೆ ಅಚ್ಚಾದ ಸಂಘದ ಲೆಟರ್‌ಹೆಡ್, ಕೆಳಗೆ ನೇರಳೆ ಮೊಹರು, ಹಿಂದಿನ ಪುಟದಲ್ಲಿ ನಲವತ್ತು ಸಹಿ. ಈ ಸಲ ಗುಮಾಸ್ತ ಕನ್ನಡಕ ಏರಿಸುತ್ತಾನೆ. ಎರಡನೇ ಪ್ರತಿಯ ಮೇಲೆ ಸ್ವೀಕೃತಿಯ ಸೀಲು ಬೀಳುತ್ತದೆ, ಇನ್‌ವರ್ಡ್ ನಂಬರ್ ಸಿಗುತ್ತದೆ, "ಅಧ್ಯಕ್ಷರು ಬಂದಿದ್ದಾರಾ?" ಎಂಬ ಪ್ರಶ್ನೆಯೂ ಬರುತ್ತದೆ. ಬೇಡಿಕೆ ಎರಡರಲ್ಲೂ ಒಂದೇ. ಇದು ನ್ಯಾಯವಲ್ಲ, ನಿಜ. ಆದರೆ ನ್ಯಾಯ ಬರುವವರೆಗೆ ಅಂಗಡಿ ನಡೆಯಬೇಕಲ್ಲ.

ಬೀದಿಬದಿ ವ್ಯಾಪಾರಿಗಳ 2014ರ ಕಾಯ್ದೆಯಂತೂ ಕುರ್ಚಿಯನ್ನೇ ಹಾಕಿಟ್ಟಿದೆ. ಊರಿನ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ 40ಕ್ಕೆ ಕಡಿಮೆಯಿಲ್ಲದಷ್ಟು ಜನ ವ್ಯಾಪಾರಿಗಳೇ ಆಗಿರಬೇಕು, ಅವರನ್ನು ವ್ಯಾಪಾರಿಗಳೇ ಆರಿಸಬೇಕು, ಅವರಲ್ಲಿ ಮೂರರಲ್ಲಿ ಒಂದು ಪಾಲು ಹೆಂಗಸರಿರಬೇಕು. ಎಬ್ಬಿಸುವುದಾದರೆ 30 ದಿನದ ನೋಟಿಸ್ ಕೊಡಬೇಕು. ಆದರೆ ಚುನಾವಣೆ ಯಾವತ್ತು, ಪಟ್ಟಿಯಲ್ಲಿ ಯಾರ ಹೆಸರು ಬಿಟ್ಟಿದೆ ಎಂದು ಬೆನ್ನು ಹತ್ತುವವರು ಬೇಕು. ಗೂಡಂಗಡಿ ಮೇಲೆ ಜೆಸಿಬಿ ಬಂದ ಬೆಳಿಗ್ಗೆ ಕಾಯ್ದೆ ಓದಲು ಕೂತರೆ ಅದು ಯಾರಿಗೂ ಕೇಳಿಸದು. ಇನ್ನು ಅಳ್ವೇಕೋಡಿಯ ಈರುಳ್ಳಿ ಸಾಲು ಇರುವುದೇ ಹೆದ್ದಾರಿಯ ನೆಲದಂಚಿನಲ್ಲಿ. ಪಟ್ಟಣಗಳಿಗೆಂದು ಮಾಡಿದ ಈ ಕಾಯ್ದೆಯ ಕೊಡೆ ಅಲ್ಲಿಗೆ ಚಾಚುವುದು ಕಷ್ಟ. ಅವರ ಬಳಿ ಇರುವುದು ತಲೆಯೆಣಿಕೆಯೊಂದೇ.

ಒಗ್ಗಟ್ಟಿನ ವ್ಯಾಪಾರಿಗಳ ಕೈ ಎಷ್ಟು ಉದ್ದವೆಂದು ಕುಮಟಾಕ್ಕಿಂತ ಚೆನ್ನಾಗಿ ಬಲ್ಲ ಊರು ಈ ಕರಾವಳಿಯಲ್ಲಿ ಇನ್ನೊಂದಿಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಎತ್ತಿನ ಗಾಡಿಗಳಲ್ಲಿ ಘಟ್ಟವಿಳಿದು ಇಲ್ಲಿಯ ಬಂದರಿನಲ್ಲಿ ಪತ್ತೆಮಾರಿ ಹತ್ತುತ್ತಿತ್ತು. ದೂರದ ಪೇಟೆಗಳಲ್ಲಿ ಆ ಹತ್ತಿಗೆ ಊರಿನ ಹೆಸರೇ, 'ಕುಮಟಾ'. 1857ರಲ್ಲಿ ಮ್ಯಾಂಚೆಸ್ಟರಿನ ಗಿರಣಿಗಳವರು ಹತ್ತಿ ಪೂರೈಕೆಗೆಂದೇ ಒಂದು ಸಂಘ ಕಟ್ಟಿಕೊಂಡರು. ಕಾರವಾರದ ಸದಾಶಿವಗಡದಲ್ಲಿ ಬಂದರು ಬೇಕು, ಘಟ್ಟಕ್ಕೆ ರಸ್ತೆ ಬೇಕು ಎಂದು ಲಂಡನ್ನಿನ ಬಾಗಿಲು ಬಡಿದರು. 1862ರಲ್ಲಿ ಕುಂದಾಪುರ ತಾಲ್ಲೂಕೊಂದನ್ನು ಬಿಟ್ಟು ಉತ್ತರ ಕನ್ನಡ ಮದ್ರಾಸ್ ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದರ ಹಿಂದೆ ಈ ಹತ್ತಿಯ ಒತ್ತಡವಿತ್ತು. ಸಾವಿರಾರು ಮೈಲಿಯಾಚೆಯ ವರ್ತಕರು ಕೂಡಿ ಬರೆದ ಅರ್ಜಿಗೆ ಒಂದು ಜಿಲ್ಲೆಯೇ ಜಾಗ ಬದಲಿಸಿತು. 1888ರಲ್ಲಿ ಮಡಗಾಂವ್ ದಾಟಿ ಮುರ್ಮಗೋವಾಕ್ಕೆ ರೈಲು ಕೂಡಿಕೊಂಡ ಮೇಲೆ ಹತ್ತಿ ಆ ದಾರಿ ಹಿಡಿಯಿತು. ಕುಮಟಾದ ಗಾಡಿಯವನನ್ನು ಯಾರೂ ಕೇಳಲಿಲ್ಲ.

ಈಗಿನ ಮಾತಿಗೆ ಬರೋಣ. ಹೊನ್ನಾವರದಲ್ಲಿ ಶರಾವತಿಯ ಸೇತುವೆ ದಾಟಿದರೆ ಎಡ-ಬಲಕ್ಕೆ ನೀರು, ತೆಂಗು, ಮತ್ತೆ ನೀರು, ಆಚೆ ಕಾಸರಕೋಡು. ಅಲ್ಲಿಯ ಟೊಂಕದ ಮರಳಿನ ಮೇಲೆ ಬಲೆ ಹಾಸಿ, ಅದರ ಮೇಲೆ ತಾರ್ಲೆ, ಬಂಗಡೆ, ಶೆಟ್ಲಿ ಹರವಿದ್ದಾರೆ. ಮಧ್ಯಾಹ್ನದ ಬಿಸಿಲಿಗೆ ವಾಸನೆ ಗಂಟಲಿಗೇ ಇಳಿಯುತ್ತದೆ. ತಲೆಗೆ ಟವೆಲ್ ಸುತ್ತಿದ ಹೆಂಗಸರು ಬಗ್ಗಿ ಮೀನು ಮಗುಚುತ್ತಾರೆ, ಕಾಗೆ ಓಡಿಸುತ್ತಾರೆ, ಮಳೆಗಾಲಕ್ಕೆ ಬೇಕಾಗುವ ಸರಕನ್ನು ಚೀಲಕ್ಕೆ ತುಂಬುತ್ತಾರೆ. ಇವರನ್ನು 'ಉದ್ಯಮಿ' ಎಂದು ಕರೆದರೆ ನಗುತ್ತಾರೆ. ಬಂಡವಾಳ ಹಾಕುವುದು, ಸರಕು ಕೊಳ್ಳುವುದು, ಕೆಡದಂತೆ ಕಾಯುವುದು, ಘಟ್ಟದ ಸಂತೆಗೆ ಕಳಿಸುವುದು, ಸಾಲ ವಸೂಲಿ ಎಲ್ಲ ಇವರದೇ. ಉದ್ಯಮಿಗೆ ಇನ್ನೇನು ಬೇಕೋ ನಾ ಕಾಣೆ.

ಈ ಮರಳಿನ ಮೇಲೆಯೇ ಖಾಸಗಿ ಬಂದರಿನ ಯೋಜನೆ ಬಂತು, ಅದಕ್ಕೊಂದು ರಸ್ತೆ ಬಂತು. ಮೀನುಗಾರರು ಬೀದಿಗಿಳಿದರು, ಪೊಲೀಸರು ಬಂದರು, ಬಂಧನವೂ ಆಯಿತು. ಇದರ ನಡುವೆ 2021ರಲ್ಲಿ ರಸ್ತೆಯ ತಕರಾರು ಹೈಕೋರ್ಟಿನ ಮೆಟ್ಟಿಲೇರಿದ್ದು ಒಬ್ಬರ ಹೆಸರಿನಲ್ಲಲ್ಲ, ಹೊನ್ನಾವರದ ಹಸಿಮೀನು ವ್ಯಾಪಾರಸ್ಥರ ಸಂಘದ ಹೆಸರಿನಲ್ಲಿ. ಕಾಮಗಾರಿಗೆ ಕೆಲಕಾಲ ತಡೆಯೂ ಸಿಕ್ಕಿತು. ಜಗಳ ಅಲ್ಲಿಗೆ ಮುಗಿಯಲಿಲ್ಲ. ಸಂಘ ಕಟ್ಟಿದವರೆಲ್ಲ ಗೆಲ್ಲುತ್ತಾರೆಂದು ನಾನು ಹೇಳಲಾರೆ. ಆದರೆ ಮೀನು ಮಗುಚುತ್ತಿದ್ದ ಕೈಗಳಿಗೆ ವಕೀಲರನ್ನಿಟ್ಟು ವಾದಿಸುವ ದಾರಿ ತೆರೆದದ್ದು ಆ ಹೆಸರು.

ಭಟ್ಕಳದ ಭಾನುವಾರದ ಸಂತೆಯಲ್ಲಿ ಕಿವಿಗೆ ಬೀಳುವ ಭಾಷೆಗಳನ್ನು ಬಿಡಿಸುವುದೇ ಕಷ್ಟ. ಕನ್ನಡ, ಕೊಂಕಣಿ, ನವಾಯತಿ, ಉರ್ದು, ನಾಲ್ಕರಲ್ಲೂ ಚೌಕಾಸಿ. ಬಾಳೆನಾರಿನಲ್ಲಿ ಕಟ್ಟಿದ ಮಲ್ಲಿಗೆಯನ್ನು ಒದ್ದೆ ಎಲೆಯಡಿ ಮುಚ್ಚಿಟ್ಟ ಹೂವಿನಾಕೆ, ಪಕ್ಕದಲ್ಲಿ ಗಲ್ಫಿನ ಸೆಂಟು ಮಾರುವ ಹುಡುಗ, ಎದುರಿಗೆ ಬೆಲ್ಲದ ಪೆಂಟೆ ಹೊಡೆಯುವ ಕಿರಾಣಿಯವರು. ಈ ಊರಿಗೆ ಸಂಸ್ಥೆ ಕಟ್ಟುವುದು ಹೊಸದಲ್ಲ. ತಂಜೀಂ 1912ರದು, ಅಂಜುಮನ್ 1919ರದು. ಅವು ಮುಸ್ಲಿಂ ಸಮುದಾಯದವು. ಹೂವಿನಾಕೆ, ಸೆಂಟಿನ ಹುಡುಗ, ಕಿರಾಣಿಯವರು ಮೂವರೂ ಒಂದೇ ಬೆಂಚಿನ ಮೇಲೆ ಕೂರಬೇಕಾದರೆ ಬಾಡಿಗೆ, ಹರಾಜು, ತೆರಿಗೆ, ಚರಂಡಿಯೇ ಕಾರಣವಾಗಬೇಕು. 2017ರ ಸೆಪ್ಟೆಂಬರ್‌ನಲ್ಲಿ ಪುರಸಭೆಯ ಮಳಿಗೆಗಳನ್ನು ತೆರವು ಮಾಡಿಸುವಾಗ ಒಬ್ಬ ಅಂಗಡಿಕಾರರು ಮೈಗೆ ಬೆಂಕಿ ಹಚ್ಚಿಕೊಂಡರು, ಉಳಿಯಲಿಲ್ಲ. ಆ ಸಾವನ್ನು ಯಾವ ವಾದಕ್ಕೂ ಸಾಕ್ಷಿಯಾಗಿ ಎಳೆಯಬಾರದು. ಹರಾಜಿನ ನೋಟಿಸ್ ಬಂದಾಗ ಕಾಲಾವಕಾಶ, ಬದಲಿ ಜಾಗ, ಹಳಬರಿಗೆ ಆದ್ಯತೆ ಎಂದು ಮೇಜಿನೆದುರು ಕೂತು ಕೇಳುವ ದನಿಯೊಂದು ಪ್ರತಿ ಪೇಟೆಗೂ ಬೇಕೆಂಬುದಷ್ಟೇ ನನ್ನ ಮಾತು.

ಅಂಥ ದನಿಯಿಂದ ಏನಾಗುತ್ತದೆಂದು 2025ರ ಜುಲೈ ತೋರಿಸಿತು. ಯುಪಿಐ ಲೆಕ್ಕ ನೋಡಿ ವಾಣಿಜ್ಯ ತೆರಿಗೆ ಇಲಾಖೆ ರಾಜ್ಯದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತ್ತು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ಬಂದದ್ದು 29 ಲಕ್ಷದ್ದು. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ. ಅಂಗಡಿಗಳಲ್ಲಿ ಕ್ಯೂಆರ್ ಕೋಡು ಮಾಯವಾಗಿ 'ನಗದು ಮಾತ್ರ' ಚೀಟಿ ಬಂತು. ಬೇಕರಿ, ಕಾಂಡಿಮೆಂಟ್ಸ್‌ನವರು ಹಾಲು ಮಾರಾಟ ನಿಲ್ಲಿಸಿ ಕಪ್ಪು ಚಹಾ ಕುಡಿದರು, 25ಕ್ಕೆ ಬಂದ್ ಕರೆದರು. 23ರಂದು ಮುಖ್ಯಮಂತ್ರಿ ವ್ಯಾಪಾರಿಗಳ ಪ್ರತಿನಿಧಿಗಳನ್ನು ಕೂರಿಸಿ ಮಾತಾಡಿದರು: ಹಳೆಯ ಬಾಕಿ ವಸೂಲಿ ಇಲ್ಲ, ನೋಂದಣಿ ಮಾತ್ರ ಮಾಡಿಸಿ. ಬಂದ್ ಹಿಂದಕ್ಕೆ ಹೋಯಿತು. ಆ ಕೋಣೆಯಲ್ಲಿ ಕುರ್ಚಿ ಸಿಕ್ಕಿದ್ದು ಸಂಘಗಳವರಿಗೆ.

ಸಂಘವೆಂದರೆ ಮೂಗು ಮುರಿಯುವವರ ಬಗ್ಗೆ ನನಗೆ ತಕರಾರಿಲ್ಲ. ನಮ್ಮ ಅರ್ಧ ಸಂಘಗಳು ಬದುಕಿರುವುದು ಶಾಲು, ಫಲತಾಂಬೂಲ, ಗ್ರೂಪ್ ಫೋಟೊಗಳಲ್ಲಿ. ಅಧ್ಯಕ್ಷರ ಕುರ್ಚಿ ತಂದೆಯಿಂದ ಮಗನಿಗೆ ಇಳಿದದ್ದೂ ಉಂಟು. ಲೆಕ್ಕಪತ್ರ ಕೇಳಿದವನೇ ಮರುದಿನ ದ್ರೋಹಿ. ಇದಕ್ಕೆ ಮದ್ದು ಹೊರಗೆ ನಿಂತು ಬೈಯುವುದಲ್ಲ, ವಂತಿಗೆ ಕೊಟ್ಟ ರಸೀದಿ ಹಿಡಿದು ಸರ್ವಸಾಧಾರಣ ಸಭೆಯಲ್ಲಿ ಎದ್ದುನಿಲ್ಲುವುದು. ಹಳೆಯದು ಸರಿಯಿಲ್ಲದಿದ್ದರೆ ಹೊಸದಕ್ಕೂ ದಾರಿಯಿದೆ: ಕರ್ನಾಟಕದ 1960ರ ಸಂಘಗಳ ನೋಂದಣಿ ಕಾಯ್ದೆಗೆ ಏಳು ಜನ ಸಾಕು.

ಭಟ್ಕಳದ ಸಂತೆ ಚದುರುವ ಹೊತ್ತಿಗೆ ಕಿರಾಣಿಯವರು ಇದನ್ನೇ ಹೂವಿನಾಕೆಗೆ ಬಿಡಿಸಿ ಹೇಳುತ್ತಿದ್ದರು. ಐದು ಹೆಸರು ಸಿಕ್ಕಿವೆಯಂತೆ, ಇನ್ನೆರಡು ಬೇಕು, ವರ್ಷಕ್ಕೆ ನೂರು ರೂಪಾಯಿ. ಆಕೆ ಉಳಿದ ಹೂವಿಗೆ ನೀರು ಚಿಮುಕಿಸುತ್ತ ಎಲ್ಲ ಕೇಳಿಸಿಕೊಂಡಳು.

"ಬರ್ಕಣಿ ನನ್ನ ಹೆಸ್ರ. ನೂರ್ ಕೊಡ್ತೆ. ಗಣಪತಿ ವಂತಿಗೆ ಇದ್ರಲ್ಲೇ ಬಂತಾ, ಅದ್ ಬೇರೆಯಾ?"