ತಂಪಿನ ಬೆಲೆ

ಯುಗಾದಿ ಕಳೆದರೆ ಸಾಕು, ಸೆಖೆ ತಾಳಲಾರದೆ ಹವಾನಿಯಂತ್ರಣ ಯಂತ್ರದ ಮಾತು ನಮ್ಮ ಮಂಡ್ಯ ಸೀಮೆಯ ಮನೆಗಳಲ್ಲಿಯೂ ಏಳುತ್ತದೆ. ಕೊಳ್ಳುವ ಮುನ್ನ ಒಂದು ಲೆಕ್ಕವನ್ನು ಸದ್ಗೃಹಸ್ಥರ ಮುಂದಿಡಬಯಸುತ್ತೇವೆ.

ನಾಗಮಂಗಲದ ಒಣ ಸೀಮೆಗೆ ನೀರಿನ ಕೂಲರ್ ಸಾಕಾದೀತು. ಶ್ರೀರಂಗಪಟ್ಟಣ, ಪಾಂಡವಪುರಗಳ ನಾಲಾ ಬಯಲಿನಲ್ಲಿ, ಕೃಷ್ಣರಾಜಪೇಟೆಯ ಹೇಮಾವತಿ ನಾಲೆಯ ಆಸುಪಾಸಿನಲ್ಲಿ ಗಾಳಿಯೇ ತೇವವಾಗಿರುವುದರಿಂದ ಅದು ಅಷ್ಟಾಗಿ ಫಲಿಸದು. ಆಗ ಮನಸ್ಸು ಏ.ಸಿ.ಯತ್ತ ಹರಿಯುವುದು ಸಹಜ.

1.5 ಟನ್ ಯಂತ್ರಕ್ಕೆ ಸುಮಾರು 35ರಿಂದ 45 ಸಾವಿರ ರೂಪಾಯಿ. ಸ್ಟೆಬಿಲೈಸರ್, ಪ್ರತ್ಯೇಕ ವೈರಿಂಗ್ ಖರ್ಚು ಬೇರೆ. ಮನೆಗೆ ಮಂಜೂರಾದದ್ದು 1 ಕಿಲೋವ್ಯಾಟ್ ಮಾತ್ರವಾದರೆ ಅದನ್ನೂ ಹೆಚ್ಚಿಸಿಕೊಳ್ಳಬೇಕು. ಆದರೆ ನಿಜವಾದ ಹೊರೆ ಇದಲ್ಲ. ಗಂಟೆಗೆ 1 ಯೂನಿಟ್ಟಿನಂತೆ ರಾತ್ರಿ 8 ಗಂಟೆ ನಡೆಸಿದರೂ ತಿಂಗಳಿಗೆ 240 ಯೂನಿಟ್. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯಲ್ಲಿ ಬಳಕೆ 200 ಯೂನಿಟ್ ದಾಟಿದ ತಿಂಗಳು ಪೂರ್ಣ ಬಿಲ್ಲನ್ನು ಮನೆಯವರೇ ಕಟ್ಟಬೇಕು. ದೀಪ, ಮಿಕ್ಸಿ, ಫ್ಯಾನುಗಳಿಗೆ ದೊರೆಯುತ್ತಿದ್ದ ರಿಯಾಯಿತಿಯನ್ನೂ ಏ.ಸಿ. ನುಂಗಿಬಿಡುತ್ತದೆ.

ಆದ್ದರಿಂದ ಮೊದಲು ಮನೆಯನ್ನೇ ತಂಪಾಗಿಸೋಣ. ತಾರಸಿಗೆ ಬಿಳಿ ಸುಣ್ಣ ಬಳಿಯೋಣ, ಪಡುವಣ ಗೋಡೆಗೆ ಮರದ ನೆರಳು ಕೊಡೋಣ. ಶ್ರೀರಂಗಪಟ್ಟಣದಲ್ಲಿ 1784ರಲ್ಲಿ ಕಟ್ಟಿದ ದರಿಯಾ ದೌಲತ್ ಬೇಸಗೆ ಅರಮನೆಗೂ ಜಗಲಿ, ತೋಟಗಳೇ ಆಸರೆಯಾಗಿದ್ದವು.

ವಯೋವೃದ್ಧರು, ರೋಗಿಗಳು ಇರುವ ಮನೆಗೆ ಏ.ಸಿ. ಭೋಗವಲ್ಲ, ಅವಶ್ಯಕತೆ. ಅಂಥವರು ಒಂದೇ ಕೋಣೆಗೆ ಹೆಚ್ಚು ನಕ್ಷತ್ರಗಳಿರುವ ಯಂತ್ರ ಹಾಕಿಸಿ, 24 ಡಿಗ್ರಿಗಿಂತ ಕೆಳಗಿಳಿಸದೆ ನಡೆಸಲಿ. ಒಂದೊಂದು ಡಿಗ್ರಿ ಏರಿಸಿದಂತೆ ಸುಮಾರು ಶೇ. 6ರಷ್ಟು ವಿದ್ಯುತ್ ಉಳಿಯುತ್ತದೆ. ಹಿರಿಯರ ನಿದ್ರೆಗೆಂದು ತೆರುವ ಹಣ ದುಂದಲ್ಲ; ನೆರೆಮನೆಯವರು ಹಾಕಿಸಿದರೆಂದು ತೆರುವುದೇ ದುಂದು.